ಫ್ಯಾಟು ಮೂರೂವರೆ

ಬೆಳಿಗ್ಗೆ ಆರಕ್ಕೆ ಡೈರಿ ಬಾಗಿಲು ತೆಗೆಯುವವಳು ನಾನು.
ಬೋರಲಿಂಗಣ್ಣನ ಹಾಲಿಗೆ ಫ್ಯಾಟು ಮೂರೂವರೆ,
ಜವರಾಯಮ್ಮನದಕ್ಕೆ ಮೂರು ಎಂಟು.
'ನಿನ್ನೆ ನಾಕಿತ್ತಲ್ಲವ್ವ' ಅನ್ನುವುದು ಅವಳ ದಿನದ ತಕರಾರು.
ಯಾರ ಹಾಲಿಗೆ ಎಷ್ಟು ನೀರು ಬಿದ್ದಿದೆ ಅಂತ
ಮಿಷನ್ನು ಹೇಳುವ ಮೊದಲೇ
ಕ್ಯಾನಿಗೆ ಸುರಿಯುವ ಸದ್ದಿನಲ್ಲೇ ನನಗೆ ತಿಳಿಯುತ್ತದೆ.

ನನ್ನ ಹಾಲಲ್ಲಿ ಏನು ಬಿದ್ದಿದೆ ಅಂತ
ಹಾಸನದ ಡಾಕ್ಟರಮ್ಮ ಹೇಳಬೇಕಾಯಿತು.

ಎರಡೂವರೆ ತಿಂಗಳ ಕೂಸು.
ಕುಡಿದದ್ದೇ ತಡ, ಕಾಲು ಮಡಚಿ ಹೊಟ್ಟೆಗೊತ್ತಿ
ಬೆನ್ನು ಬಿಲ್ಲಾಗಿಸಿ ಕಿರುಚುವುದು.
ಕೆನ್ನೆಯ ಮೇಲೆ ರಾಗಿ ಎರಚಿದ ಹಾಗೆ ಗುಳ್ಳೆ.
ದೃಷ್ಟಿ ತೆಗೆದೆವು, ಬಜೆ ತೇಯ್ದೆವು,
ಓಮಿನ ನೀರು ಅಂದರು, ಅದೂ ಆಯಿತು.
ಒಂದು ದಿನ ಬಟ್ಟೆಯ ಮೇಲೆ
ಕುಂಕುಮದ ಎಳೆಯಂಥದ್ದು ಕಂಡಿತು.
ಆ ಬಟ್ಟೆಯನ್ನು ಹಾಗೇ ಮಡಚಿ ಕವರಿಗೆ ಹಾಕಿಕೊಂಡು
ಹತ್ತರ ಬಸ್ಸು ಹತ್ತಿದೆ.
ಶಾಂತಿಗ್ರಾಮ ದಾಟಿದರೂ ಅಳು ನಿಲ್ಲಲಿಲ್ಲ.

'ಹಸುವಿನ ಹಾಲು ನಿಮಗೇನೋ ಆಗುತ್ತೆ,
ನಿಮ್ಮೊಳಗಿಂದ ಹಾದು ಬಂದರೆ ಇವಳಿಗೆ ಆಗ್ತಿಲ್ಲ.
ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ
ಒಂದು ತಿಂಗಳು ಬಿಡಿ. ಎದೆಹಾಲು ಮಾತ್ರ ಬಿಡಬೇಡಿ.'
ಚೀಟಿ ಬರೆಯುತ್ತಾ ಕೇಳಿದರು, ಏನು ಕೆಲಸ ನಿಮ್ಮದು?
ಹೇಳಿದೆ. ಪೆನ್ನು ನಿಂತಿತು.
ಇಬ್ಬರೂ ನಕ್ಕೆವು. ನಾನು ಸ್ವಲ್ಪ ಹೆಚ್ಚೇ ನಕ್ಕೆ,
ಕಣ್ಣೊರೆಸಿಕೊಳ್ಳುವಷ್ಟು.

ಅತ್ತೆ ನಿಂಗಾಜಮ್ಮ ನಗಲಿಲ್ಲ.
'ಹಾಲು ಬಿಟ್ಟರೆ ಹಾಲು ಎಲ್ಲಿಂದ ಬಂದಾತು?
ಹಾಲು ಕುಡಿದ ಮಕ್ಕಳೇ ಬದುಕಲ್ಲ, ಇನ್ನು...'
ತೊಟ್ಟಿಲು ಕಂಡು ಗಾದೆಯ ಉಳಿದರ್ಧ ನುಂಗಿದಳು.
ಬಾಣಂತನಕ್ಕೆಂದು ಕಾಯಿಸಿಟ್ಟ ಎರಡು ಸೇರು ತುಪ್ಪ
ಜಾಡಿಯಲ್ಲಿ ಮರಳುಮರಳಾಗಿ ಕೂತಿತ್ತು,
ಮಾತು ಬಿಟ್ಟ ನೆಂಟನ ಹಾಗೆ.

ಸುಲಭವಿತ್ತು ಅಂತ ಸುಳ್ಳು ಹೇಳಲಾರೆ.
ಮುದ್ದೆಗೆ ಹುರುಳಿಕಟ್ಟು, ಅನ್ನಕ್ಕೆ ಸಬ್ಬಸಿಗೆ ಸಾರು, ಅದೆಲ್ಲ ಸರಿ,
ಕೊನೆಗೆ ಮಜ್ಜಿಗೆಯಿಲ್ಲದ ಊಟ
ಮುಗಿದ ಹಾಗೇ ಅನಿಸದು,
ಎಲೆ ಮುಂದೆ ಸುಮ್ಮನೆ ಕೂತಿರುತ್ತಿದ್ದೆ.
ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಇರುವೆಯಂಥ ಅಕ್ಷರ ಓದಿದೆ.
ಹಾಲಿನ ಪುಡಿ ಅಲ್ಲೂ ಅಡಗಿ ಕೂತಿತ್ತು.
ಒಂಬತ್ತನೆಯ ದಿನ
ಸ್ಯಾಂಪಲ್ ಲೋಟದ ಅಂಚಿನ ಕೆನೆಯನ್ನು
ಬೆರಳಲ್ಲಿ ಬಳಿದು ತುಟಿವರೆಗೂ ತಂದು
ಗೋಡೆಗೆ ಒರೆಸಿಬಿಟ್ಟೆ.
ಆ ಕಲೆ ಈಗಲೂ ಕ್ಯಾಲೆಂಡರಿನ ಹಿಂದಿದೆ.

ಎರಡು ವಾರ ಏನೂ ಆಗಲಿಲ್ಲ.
ಕೂಸು ಅತ್ತಿತು, ಅತ್ತೆ ಗೊಣಗಿದಳು,
ಯೋಗೇಶ ಹಟ್ಟಿಗೆ ಹೋಗಿ ಹಸುವನ್ನೇ ಬೈದ.
ಇಪ್ಪತ್ತೊಂದನೆಯ ರಾತ್ರಿ ನಾನು ಗಾಬರಿಯಲ್ಲಿ ಎದ್ದೆ.
ನಾಲ್ಕು ಗಂಟೆಯಿಂದ ಸದ್ದಿಲ್ಲ.
ಮೂಗಿನ ಬಳಿ ಬೆರಳು ಹಿಡಿದೆ:
ಬೆಚ್ಚಗೆ ಉಸಿರು, ಹೋಗುತ್ತಿತ್ತು, ಬರುತ್ತಿತ್ತು.

ಬೆಳಿಗ್ಗೆ ಅತ್ತೆ ಒಂದು ಲೋಟ ತಂದಿಟ್ಟಳು.
ಕಾಯಿ, ಕರಿ ಎಳ್ಳು ರುಬ್ಬಿ ಹಿಂಡಿ, ಬೆಲ್ಲ ಕದಡಿದ್ದು.
'ಇದೂ ಹಾಲೇಯ' ಅಂದಳು, ಬೇರೆ ಕಡೆ ನೋಡುತ್ತಾ.
ಒಲೆಯ ಪಕ್ಕ ಹೊಸದೊಂದು ಮೊಳೆ,
ಅದರಲ್ಲಿ ನನ್ನದೇ ಬೇರೆ ಸೌಟು.
ತುಪ್ಪದ ಜಾಡಿ ಕಾಣಲಿಲ್ಲ. ಕೇಳಿದ್ದಕ್ಕೆ,
ಜವರಾಯಮ್ಮನ ಮಗಳು ಹೆತ್ತು ಬಂದವಳಲ್ಲ, ತಿನ್ನಲಿ ಅಂದಳು.

ನಿನ್ನೆ ಸಂಜೆ ಇನ್ನೂ ಯಾರೂ ಬಂದಿರಲಿಲ್ಲ.
ಎದೆ ಬಿಗಿದು ರವಿಕೆ ಒದ್ದೆಯಾಗಿತ್ತು.
ಏನು ತೋಚಿತೋ,
ಬಾಗಿಲು ಸರಿಸಿ, ಸ್ಯಾಂಪಲ್ ಲೋಟಕ್ಕೆ ನನ್ನದನ್ನೇ ಹಿಂಡಿ
ಮಿಷನ್ನಿಗಿಟ್ಟೆ.
ತುಸು ಹೊತ್ತು ಗುಂಯ್ ಅಂದಿತು.
ಫ್ಯಾಟು ಮೂರು ಒಂಬತ್ತು.
ಪಕ್ಕದ ಕಿಂಡಿಯಲ್ಲಿ ಲೀಟರಿಗೆ ಇಷ್ಟು ರೂಪಾಯಿ
ಇಷ್ಟು ಪೈಸೆ ಅಂತ ರೇಟೂ ಬಂತು.

ರಸೀದಿ ಹರಿಯದೆ ಅಳಿಸಿದೆ.
ಲೋಟ ಒಂದು ಸಲ ತೊಳೆದೆ, ಮತ್ತೊಂದು ಸಲ ತೊಳೆದೆ,
ಯಾವ ಹಾಲಿಗೆ ಯಾವ ಹಾಲು ತಾಗಬಾರದು ಅಂತಲೋ.

ಅಷ್ಟರಲ್ಲಿ ಹೊರಗೆ ಕ್ಯಾನಿನ ಸದ್ದು.
'ಬಾಗಿಲು ತೆಗಿಯವ್ವ, ಇವತ್ತಾದರೂ
ನಾಕು ಬರೆ.'