ಐದು ಮತ್ತು ಆರರ ನಡುವೆ

"ತಲೆಯೆತ್ತಿ ಬಾಳು ಮಗಾ" ಅಂದಿದ್ದ ಅಪ್ಪ,
ಗಂಗೊಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಚಿಲ್ಲರೆ ಎಣಿಸುತ್ತಾ.
ಎತ್ತಿದೆ.
ಹನ್ನೊಂದು ವರ್ಷ ಎತ್ತಿಯೇ ಇದ್ದೆ,
ಮನಾಮದ ಹೋಟೆಲುಗಳ ಸೂರಿಗೆ ಜಿಪ್ಸಂ ಹಲಗೆ ಕೂರಿಸುತ್ತಾ,
ಬಾಯಿಗೆ ಬಿದ್ದ ಬಿಳಿಪುಡಿ ಉಗುಳುತ್ತಾ.
ಕೆಳಗೆ ಯಾರು ಉಂಡರೋ, ಯಾರ ಮದುವೆಯೋ.

ಈಗ ಕತ್ತಿನ ಐದನೇ ಮಣಿ
ಆರನೆಯದರ ಮೇಲೆ ಕೂತುಬಿಟ್ಟಿದೆ.
ಡಾಕ್ಟರು ಎಕ್ಸರೇ ಮೇಲೆ ಪೆನ್ನಿಟ್ಟು ತೋರಿಸಿದರು:
"ಇಲ್ಲಿ, ಸವೆತ."
ಅಲ್ಲಿ ಏನೂ ಇರಲಿಲ್ಲ.
ಅದೇ ತೊಂದರೆ.
ಫೋರ್‌ಮನ್ನನಿಗೂ ಅಲ್ಲಿ ಏನೂ ಕಾಣುವುದಿಲ್ಲ.
ಬೆರಳು ಹೋದವನಿಗೆ ರಜೆ, ಕಾಲು ಮುರಿದವನಿಗೆ ಕಿತ್ತಳೆ,
ನನಗೆ, "ನಿನ್ನೆ ನಗ್ತಾ ಇದ್ದೆಯಲ್ಲ!"

ನಗುವುದನ್ನು ಬಿಟ್ಟೆ,
ಸಾಕ್ಷಿ ಕೆಡದಿರಲೆಂದು.

ಪಟ್ಟಿಯನ್ನು ಹಗಲು ಕಟ್ಟುವಂತಿಲ್ಲ,
ಕುತ್ತಿಗೆಯದು ಕಂಡರೆ ವೀಸಾಕ್ಕೇ ಕುತ್ತು.
ಸಲ್ಮಾಬಾದಿನ ಕ್ಯಾಂಪಿನಲ್ಲಿ ದೀಪ ಆರಿದ ಮೇಲೆ
ಹೊದಿಕೆಯೊಳಗೆ ಕಟ್ಟಿಕೊಳ್ಳುತ್ತೇನೆ, ಕದ್ದ ಮಾಲಿನಂತೆ.
ಮೇಲಿನ ಮಂಚ. ಎಸಿ ನೇರ ಅಲ್ಲಿಗೇ ಊದುತ್ತದೆ.
ಎರಡು ಗಂಟೆ. ಮೂರು.
ಬಾಂಗಿಗೆ ಮುಂಚೆ ಮೈಕು ಕೆಮ್ಮುವುದೂ ಕೇಳುತ್ತದೆ.
ಅಷ್ಟು ಹೊತ್ತಿಗೆ ನೋವು ಬರೀ ನೋವಾಗಿರುವುದಿಲ್ಲ,
ಸೊಸೈಟಿ ಸಾಲದ ದನಿಯಲ್ಲಿ ಮಾತಾಡುತ್ತದೆ:
ನಾಳೆ ಏಣಿಯ ಮೇಲೆ ಕೈ ಜೋಮು ಹಿಡಿದರೆ?

"ಎಂತಾಯ್ತ್ ನಿಮ್ಗೆ, ಕಲ್ಲಿನ್ ಹಾಂಗೆ ಕೂಕಂಡಿದ್ರಿ?"
ಜಲಜ ವಿಡಿಯೋದಲ್ಲಿ.
ಫೋನಿಗೆ ಬಗ್ಗಿದರೆ ಕತ್ತು, ಫೋನು ಎತ್ತಿದರೆ ತೋಳು.
"ನೆಟ್‌ವರ್ಕ್ ಸರಿಯಿಲ್ಲ" ಅಂದೆ.
ದಿನಕ್ಕೊಂದಿದ್ದ ಕರೆ ವಾರಕ್ಕೊಂದಾಯಿತು.

ಹದಿನಾಲ್ಕನೇ ಮಹಡಿಯ ಅಂಚಿನಲ್ಲಿ ಒಮ್ಮೆ
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದೆ.
ಕೆಳಗೆ ನೋಡಲು ಕತ್ತು ಬಗ್ಗಲಿಲ್ಲ.
ಯಾವ ಫಾರಮ್ಮಿನಲ್ಲೂ ಇದಕ್ಕೆ ಜಾಗವಿರಲಿಲ್ಲ.

ಫಿಸಿಯೋ ಮರಿಸೆಲ್, ಮನಿಲಾದವಳು,
ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು ಅಂತ ಕೇಳಿದಳು.
ಏಳು.
ಬರೆದುಕೊಂಡಳು. ಪೆನ್ನು ಕೆಳಗಿಟ್ಟಳು.
"ನಿದ್ದೆ?"
ಒಂದೇ ಶಬ್ದ.
ನಾನು ಅವಳ ಟವೆಲಿನೊಳಗೆ ಕನ್ನಡದಲ್ಲಿ ಅತ್ತೆ.
ಅವಳು ಗಡಿಯಾರ ನೋಡಲಿಲ್ಲ.
ಅಂಚಿನ ಮಾತನ್ನೂ ಅಂದೇ ಹೇಳಿದೆ.

ಕತ್ತು ಹಾಗೇ ಇದೆ. ಏಳು ಕೆಲವು ದಿನ ಆರಾಗುತ್ತದೆ.
ಕೆಳಗಿನ ಮಂಚದ ಮೊಫಿಜುಲ್ ಮೊನ್ನೆ ಏನೂ ಹೇಳದೆ
ತನ್ನ ಹಾಸಿಗೆ ಸುತ್ತಿ ಮೇಲೆ ಹಾಕಿದ,
ಎಸಿ ಬಾಯಿಗೆ ಬಿಸ್ಕತ್ತಿನ ರಟ್ಟು ಅಂಟಿಸಿದ.
ಈಗ ಕಣ್ಣ ಮೇಲೆ ಅವನ ಮಂಚದ ಪ್ಲೈವುಡ್ಡು,
ಯಾರೋ ಕೂರಿಸಿದ ಸೂರು.
ಎಡಗಡೆ ಒಂದು ತಿರುಪು ಸಡಿಲ.
ಇರಲಿ, ನಾಳೆ ನೋಡಿದರಾಯಿತು.