ಕಂಪನಿಗೆ ಪಾಪ ಅನ್ನುವುದು

ಕೂರ್ಗಳ್ಳಿಯ ಗೇಟಿನ ಕಮಾನಿನಿಂದ ಅಕ್ಷರ ಇಳಿಸುತ್ತಿದ್ದರು.
ಏಣಿಯ ಮೇಲೊಬ್ಬ ಹುಡುಗ, ಕೆಳಗೆ ಹಿಡಿಯಲೊಬ್ಬ.
ಮೊದಲು ಕೊನೆಯ ಅಕ್ಷರ ಬಂತು.
ಒಂದಾಳು ಎತ್ತರ, ಒಳಗೆಲ್ಲ ತುಕ್ಕು, ಜೇಡರ ಬಲೆ.
ಇಷ್ಟು ದೊಡ್ಡದಾ ಇದು, ಅಂದುಕೊಂಡೆ.
ಇಪ್ಪತ್ತೆರಡು ವರ್ಷ ಇದರಡಿಯಲ್ಲೇ ಹಾದುಹೋಗಿದ್ದೆ.

ಟೀ ಅಂಗಡಿಯ ಬೆಂಚಿನಲ್ಲಿ ಚಿಕ್ಕತಾಯಮ್ಮ
ಲೋಟ ಕೆಳಗಿಟ್ಟು "ಪಾಪ" ಅಂದಳು.
ಯಾರಿಗೆ?
"ಅದಕ್ಕೇ. ಕಂಪನಿಗೆ."

ನನಗೆ ರೇಗಿತು.
ಪ್ರೆಸ್ಸಿನಡಿ ಎರಡು ಬೆರಳು ಹೋದ ದಿನ
ಅದು ಪಾಪ ಅಂದಿತ್ತೇನೇ?
ಮೂರು ಪ್ರತಿ ಫಾರಂ ಕೊಟ್ಟಿತ್ತು,
ಬಲಗೈಗೆ ಬಟ್ಟೆ ಸುತ್ತಿದ್ದಾರೆ, ಇರಲಿ,
ಎಡ ಹೆಬ್ಬೆಟ್ಟೇ ಸಾಕು ಅಂದಿತ್ತು.
ಆಯುಧಪೂಜೆಗೆ ಕೊಟ್ಟ ಸ್ಟೀಲ್ ಡಬ್ಬಿಯ ಮೇಲೂ
ತನ್ನ ಹೆಸರೇ ಕೊರೆಸಿಕೊಂಡಿತ್ತು.

"ಪಾಪ ಅನ್ನೋಕೂ ಲೆಕ್ಕ ಇಡ್ತಾರಾ?
ನಮ್ಮಪ್ಪನ ಎಮ್ಮೆ ನನ್ನನ್ನೇ ಹಾಯ್ದಿತ್ತು.
ಅದು ಸತ್ತಾಗ ಎರಡು ದಿನ ಉಂಡಿಲ್ಲ ನಾನು."

ಎಮ್ಮೆಗೆ ಕಣ್ಣಿತ್ತು ಕಣೇ.
ಇದರ ತಲೆ ಒಂದು ದೇಶದಲ್ಲಿ, ಜೇಬು ಇನ್ಯಾವುದೋ ದ್ವೀಪದಲ್ಲಿ.
ಕೋರ್ಟಿನಲ್ಲಿ ಮಾತ್ರ ಅದೂ ಒಬ್ಬ ವ್ಯಕ್ತಿಯಂತೆ,
ಯೂನಿಯನ್ ಕೇಸಿನಲ್ಲಿ ವಕೀಲರು ಹೇಳಿದ್ದರು.
ಸಾವಿನ ಮನೆ, ಮಾತಾಡಿಸಿಕೊಂಡು ಬರೋಣ ಅಂದರೆ
ಯಾರ ಮುಂದೆ ಕೂರುವುದು?
ಹೊಡೆಯೋಣ ಅಂದರೂ ಬೆನ್ನಿಲ್ಲ,
ಸವರೋಣ ಅಂದರೂ ಬೆನ್ನಿಲ್ಲ.

ಅವಳು ಉತ್ತರ ಕೊಡಲಿಲ್ಲ.
ಎದ್ದು ಹೋಗಿ ಆ ಹುಡುಗರಿಗೆ ಎರಡು ಬನ್ನು ಕೊಟ್ಟು ಬಂದಳು.
ಕಾಂಟ್ರಾಕ್ಟಿನವರು, ಅಕ್ಷರಕ್ಕಿಷ್ಟು ಅಂತ ಕೂಲಿ.
ಹೆಸರು ಇನ್ನೂ ಉದ್ದ ಇದ್ದಿದ್ದರೆ ಚೆನ್ನಾಗಿತ್ತು ಅಂದನಂತೆ ಒಬ್ಬ.

ಸಂಜೆ ಹೊತ್ತಿಗೆ ಕಮಾನಿನ ಮೇಲೆ
ಬಿಸಿಲು ಕಾಣದ ಜಾಗ ಮಾತ್ರ ಉಳಿದಿತ್ತು,
ಹೆಸರಿನದೇ ಆಕಾರ, ನಿನ್ನೆ ಬಳಿದ ಹಾಗೆ ನೀಲಿ.

ಈಗ ಸೈರನ್ ಇಲ್ಲ.
ಆದರೂ ಆರಕ್ಕೆ ಹತ್ತು ನಿಮಿಷ ಇರುವಾಗ ಎಚ್ಚರ.
ಪಕ್ಕದ ಮನೆ ಇಲಿಯಾಸ್ ಸಾಬರ ಬಾಗಿಲೂ ಕಿರ್ರೆನ್ನುತ್ತದೆ,
ಅವರು ಪೇಂಟ್ ಶಾಪಿನಲ್ಲಿದ್ದವರು.
ಇಬ್ಬರೂ ಹೊರಬಂದು ನಿಲ್ಲುತ್ತೇವೆ,
ಬೀದಿಯ ಆ ತುದಿ ನೋಡುತ್ತೇವೆ,
ಹಾಲಿನವನಿಗೆ ಕಾಯುತ್ತಿದ್ದೆವು ಅನ್ನುವ ಹಾಗೆ.

ಚಳಿ ಹೆಚ್ಚಾದ ದಿನ
ಹೋದ ಆ ಎರಡು ಬೆರಳು ನೋಯುತ್ತವೆ.
ಇಲ್ಲದ್ದೂ ನೋಯುವುದುಂಟು, ಡಾಕ್ಟರು ಅಂದಿದ್ದರು.
ಚಿಕ್ಕತಾಯಮ್ಮ ಹರಳೆಣ್ಣೆ ಬಿಸಿ ಮಾಡಿ ತರುತ್ತಾಳೆ,
ಬಟ್ಟಲು ಹಿಡಿದು ನಿಲ್ಲುತ್ತಾಳೆ.
ಎಲ್ಲಿಗೆ ಹಚ್ಚಲಿ, ಅನ್ನುತ್ತಾಳೆ.