ಪವಿತ್ರ ಗುರುವಾರದ ನೀರು

ಮೂವತ್ತೊಂದು ವರ್ಷದಿಂದ ಬೋಳಾರದ ಈ ಇಗರ್ಜಿಗೆ
ಮಿರ್ಣಿ ನಾನು, ಬೊನಿಫಾಸ್.
ನೀರು ಕಾಯಿಸುವುದು ನನ್ನ ಕೆಲಸ.
ಹೆಚ್ಚು ಬಿಸಿ ಬೇಡ ಎಂದಿದ್ದರು ಪಾದ್ರಿ,
ಮೊದಲ ಕುರ್ಚಿಯ ವಕೀಲರಿಗೆ ಸಕ್ಕರೆ ಕಾಯಿಲೆ.

ಹನ್ನೆರಡು ಕುರ್ಚಿ, ಹನ್ನೆರಡು ಟವೆಲು.
ಹೆಸರುಗಳು ತಪಸ್ಸುಕಾಲಕ್ಕೂ ಮೊದಲೇ ಬರುತ್ತವೆ,
ಹೊಸ ಗಂಟೆಗೆ ದುಡ್ಡು ಕೊಟ್ಟವರ ಕ್ರಮದಲ್ಲಿ.

ಗುರುವೇ ಬಗ್ಗಿ ಬೆಸ್ತರ ಕಾಲು ತೊಳೆದ ಕಥೆ
ಮೈಕಿನಲ್ಲಿ ಓದಿದರು. ಎಕೋ ಸ್ವಲ್ಪ ಹೆಚ್ಚಾಯಿತು.

ಒಬ್ಬೊಬ್ಬರೇ ಬಲಗಾಲಿನ ಚೀಲ ಕಳಚಿದರು:
ಮನೆಯಲ್ಲೇ ತೊಳೆದು, ಉಗುರು ಕತ್ತರಿಸಿ,
ಪೌಡರು ಹಾಕಿ ತಂದ ಪಾದಗಳು.
ಎಡಗಾಲು ಶೂನೊಳಗೇ ಇತ್ತು.
ಅದರ ಸರದಿ ಯಾವತ್ತೂ ಬಂದಿಲ್ಲ.

ಬೋಗುಣಿ ಎತ್ತಿಕೊಂಡು ಹಿಂಬಾಗಿಲಿಗೆ ಹೋದೆ.
ನೀರಲ್ಲಿ ನನ್ನ ಮುಖ ಕಂಡಿತು, ಮೀಸೆಯ ಸಮೇತ.
ಹನ್ನೆರಡು ಕಾಲು ತೊಳೆದ ನೀರು
ಹೀಗಿರಬಾರದಲ್ಲ.

ನಳ್ಳಿಯ ಹತ್ತಿರ ಇನಾಸ್ ನಿಂತಿದ್ದ,
ಧಕ್ಕೆಯಿಂದ ನೇರ ಬಂದವ,
ಬೂತಾಯಿಯ ಹುರುಪೆ ಕಣಕಾಲಿಗಂಟಿ ಮಿನುಗುತ್ತಿತ್ತು.
ನಳ್ಳಿಯಲ್ಲಿ ನೀರಿಲ್ಲ.
"ಹೀಗೇ ಒಳಗೆ ಬರಬಹುದಾ?"
"ತೊಳೆಯುವುದು ಮುಗಿಯಿತು ಮಾರಾಯ."

ಅವನು ಬೋಗುಣಿ ನೋಡಿದ.
"ಇದು ಯಾರೂ ಮುಟ್ಟದ ನೀರಾ?"

ಹೌದೆಂದೆ.
ಈಸ್ಟರಿಗೆ ಮೊದಲು ಪಾಪನಿವೇದನೆಗೆ ಹೋದಾಗ
ಇದನ್ನು ಸುಳ್ಳಿನ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ,
ಇನ್ನೂ ಗೊತ್ತಾಗಿಲ್ಲ.

ಬೋಗುಣಿ ನೆಲಕ್ಕಿಟ್ಟೆ.
ಅವನೇ ಕಾಲಿಟ್ಟ, ಎರಡನ್ನೂ,
ಅವನೇ ಬಗ್ಗಿ ಉಜ್ಜಿಕೊಂಡ.
ಟವೆಲು ಹಿಡಿದು ನಾನು ನಿಂತೇ ಇದ್ದೆ.
ಮೊಣಕಾಲು ನೋವು,
ಹಾಗಂದುಕೊಂಡೆ.